ಎಂಟರ್ ಒತ್ತಿದರೆ ಕವಿತೆ ಆಗುತ್ತಾ?

ಪರಿಚಯದ ಹುಡುಗನೊಬ್ಬ ಮೊನ್ನೆ ಒಂದು ಕವಿತೆ ಕಳಿಸಿದ್ದ. 22 ಸಾಲು, ಸಾಲಿಗೆ ಒಂದರಿಂದ ನಾಲ್ಕು ಪದ. ಸುಮ್ನೆ ಎಲ್ಲವನ್ನೂ ಸೇರಿಸಿ ಒಂದೇ ಪ್ಯಾರಾ ಮಾಡಿ ಓದಿದೆ. ಒಂದು ಕಡೆ ಬಿಟ್ಟರೆ ಏನೂ ಕೆಡಲಿಲ್ಲ. ಅವನಿಗೆ ಅದನ್ನೇ ಹೇಳಿದೆ. "ಹಾಗಾದ್ರೆ ಛಂದಸ್ಸು ಇರಲೇಬೇಕಾ ಸರ್?" ಅಂದ.

ಇಲ್ಲಪ್ಪ. ಛಂದಸ್ಸೇ ಕಾವ್ಯ ಆಗಿದ್ದರೆ ಹಳೇ ಕಾಲದ ಗಣಿತ, ವೈದ್ಯ, ನಿಘಂಟು ಎಲ್ಲವೂ ಕಾವ್ಯವೇ. ಬಾಯಿಪಾಠಕ್ಕೆ ಸುಲಭ ಅಂತ ಅವನ್ನೂ ಪದ್ಯದಲ್ಲೇ ಬರೆಯುತ್ತಿದ್ದರು. ಭಾಸ್ಕರಾಚಾರ್ಯರ ‘ಲೀಲಾವತಿ’ 1150ರ ಹೊತ್ತಿನ ಲೆಕ್ಕದ ಪುಸ್ತಕ. ಅದರಲ್ಲೊಂದು ದುಂಬಿಗಳ ಲೆಕ್ಕ ಇದೆ. ಹಿಂಡಿನ ಅರ್ಧದ ವರ್ಗಮೂಲದಷ್ಟು ದುಂಬಿಗಳು ಮಾಲತಿ ಹೂವಿಗೆ ಹೋದವು, ಇಡೀ ಹಿಂಡಿನ ಒಂಬತ್ತರಲ್ಲಿ ಎಂಟು ಪಾಲೂ ಹೋದವು. ಉಳಿದದ್ದು ಎರಡು. ಪರಿಮಳಕ್ಕೆ ಮರುಳಾದ ಗಂಡು ದುಂಬಿ ರಾತ್ರಿ ತಾವರೆಯೊಳಗೆ ಸಿಕ್ಕಿಬಿದ್ದಿದೆ. ಅದು ಒಳಗಿಂದ ಗುಂಯ್ ಅಂದರೆ ಹೆಣ್ಣು ದುಂಬಿ ಹೊರಗಿಂದ ಗುಂಯ್ ಅನ್ನುತ್ತದೆ. ಒಟ್ಟು ಎಷ್ಟು? ಉತ್ತರ 72. ಲೆಕ್ಕಕ್ಕೆ ಬೇಕಿದ್ದದ್ದು ‘ಎರಡು’ ಅನ್ನುವ ಅಂಕಿ ಮಾತ್ರ. ತಾವರೆ ಮುಚ್ಚಿಕೊಂಡದ್ದು ಕವಿಯ ಕೆಲಸ.

ಈಗ ಉಲ್ಟಾ ನೋಡಿ. ವಚನಕ್ಕೆ ಛಂದಸ್ಸಿನ ಗಣ, ಮಾತ್ರೆಯ ಲೆಕ್ಕವೇ ಇಲ್ಲ. ಬಸವಣ್ಣನವರ ‘ಕಳಬೇಡ ಕೊಲಬೇಡ’ದ ವಸ್ತುವೂ ಹೊಸದಲ್ಲ, ಎಲ್ಲ ಹಿರಿಯರೂ ಹೇಳುವ ಬುದ್ಧಿಮಾತೇ. ಆದರೆ ಅದನ್ನೇ ‘ಕಳ್ಳತನ ಮಾಡಬಾರದು, ಕೊಲೆ ಮಾಡಬಾರದು’ ಅಂತ ಬರೆದು ನೋಡಿ. ಗೋಡೆಗೆ ಅಂಟಿಸೋ ಸೂಚನೆ ಆಯ್ತು, ಅಲ್ವಾ? ವಚನದಲ್ಲಿ ಮೊದಲೆರಡು ಮಾತು ಗಿಡ್ಡ, ಹೆಚ್ಚುಕಮ್ಮಿ ಒಂದೇ ಸದ್ದು. ಮೂರನೆಯದಕ್ಕೆ ‘ಹುಸಿಯ ನುಡಿಯಲು ಬೇಡ’ ಅಂತ ಉಸಿರು ಉದ್ದವಾಗುತ್ತದೆ. ಒಟ್ಟು ಏಳು ‘ಬೇಡ’. ಏಳನೆಯದಕ್ಕೆ ಬರುವಷ್ಟರಲ್ಲಿ ಇದು ಬೇರೆಯವರಿಗೆ ಹೇಳಿದ್ದಾ, ತನಗೇ ಹೇಳಿಕೊಂಡದ್ದಾ ಅಂತ ನನಗೆ ಪ್ರತಿಸಲವೂ ಅನುಮಾನ.

ವಸ್ತು ಬೇರೆ, ರೂಪ ಬೇರೆ ಅಂತ ಕತ್ತರಿಸಿ ಇಡುವುದು ಪಾಠ ಮಾಡುವವರಿಗೆ ಅನುಕೂಲ, ಅಷ್ಟೇ. ಹೇಳಿದ ರೀತಿ ಬದಲಾದ ಕೂಡಲೇ ಹೇಳಿದ್ದೂ ಬದಲಾದರೆ ಅದನ್ನು ನಾನು ಕವಿತೆ ಅನ್ನುತ್ತೇನೆ. (ಹಾಗಾದರೆ ಅನುವಾದದ ಗತಿ ಏನು ಅಂತ ಕೇಳಬೇಡಿ, ಅದು ಇನ್ನೊಂದು ದಿನದ ಜಗಳ.)

ಹುಡುಗನ ಪದ್ಯದಲ್ಲಿ ಪ್ಯಾರಾಕ್ಕೆ ಬಗ್ಗದೆ ಉಳಿದದ್ದು ಇಷ್ಟು:

ಅಪ್ಪನ ಕನ್ನಡಕ ಮೇಜಿನ ಮೇಲಿದೆ
ಇನ್ನೂ

ಆ ‘ಇನ್ನೂ’ವನ್ನು ಮೇಲಿನ ಸಾಲಿಗೆ ಸೇರಿಸಿದೆ. ಮೇಜಿನ ಮೇಲೆ ಬರೀ ಕನ್ನಡಕ ಇತ್ತು. ಮತ್ತೆ ಕೆಳಗಿಳಿಸಿದೆ. ಅಪ್ಪ ಇಲ್ಲ ಅನ್ನುವುದು ಗೊತ್ತಾಯಿತು. ಮಿಕ್ಕ 20 ಸಾಲು ತೆಗೆದುಬಿಡು ಅಂತ ಬರೆದಿದ್ದೇನೆ. ಬೇಜಾರಾಗಿರಬೇಕು, ಇನ್ನೂ ಉತ್ತರ ಬಂದಿಲ್ಲ.