ಸ್ವಲ್ಪ ನೀರು ಹಾಕ್ತೀರಾ?

ಮೇ ತಿಂಗಳ ಮದುವೆ ಕಾಗದ ಕೈಗೆ ಬಂದರೆ ನಾನು ಮೊದಲು ಹುಡುಕುವುದು ಹಾಲ್ ಯಾವ ಊರಿನದು ಎಂದು. ಹುಡುಗ, ಹುಡುಗಿ, ಮುಹೂರ್ತ ಎಲ್ಲ ಆಮೇಲೆ. ಮೂಡುಬಿದಿರೆಯಾದರೆ ಊಟ ಮುಗಿಸಿ ನಾಲ್ಕು ಗಂಟೆಗೆ ಮನೆ. ಕುಂದಾಪುರವಾದರೆ ಐಸ್‌ಕ್ರೀಮಿನ ಕ್ಯೂ ಬಿಟ್ಟು ಹೊರಟರೆ ಕತ್ತಲಾಗುವ ಮೊದಲು ಮಂಗಳೂರಿನ ಬೋಂದೆಲ್‌ನ ನಮ್ಮ ಮನೆ ಸೇರಬಹುದು. ಬೆಂಗಳೂರು ಎಂದಿದ್ದರೆ ಎದೆ ಧಸಕ್ಕೆನ್ನುತ್ತದೆ. ಶಿರಾಡಿ ಘಾಟಿಯ ಆಚೆ ಯಾರೇ ಮದುವೆಯಾಗಲಿ, ನನ್ನ ಲೆಕ್ಕದಲ್ಲಿ ಅದು ಎರಡು ರಾತ್ರಿ, ಮೂರು ಹಗಲು. ಮೂವತ್ತೆರಡು ಬುಡ ಅಲಸಂಡೆ, ಹದಿನೆಂಟು ಬೆಂಡೆ, ಎರಡು ಸಾಲು ಹರಿವೆ, ಒಂದು ಬಸಳೆ ಚಪ್ಪರ. ನೀರು ಹಾಕುವವರು ಯಾರು?

ಮೊನ್ನೆ ಬಂದ ಕಾಗದದಲ್ಲಿ ಬೆಂಗಳೂರು ಎಂದೇ ಇತ್ತು.

ನಮ್ಮ ಕಡೆ ಶುಭಕಾರ್ಯಗಳ ದಿನ ಗೊತ್ತು ಮಾಡುವವರು ಜನ್ಮದಲ್ಲಿ ಒಂದು ಬೆಂಡೆ ಬೀಜ ಹಾಕಿದವರಲ್ಲ ಎಂದು ನನ್ನ ಗಟ್ಟಿ ಅನುಮಾನ. ಮದುವೆ, ಉಪನಯನ, ಬ್ರಹ್ಮಕಲಶ, ಭೂತದ ನೇಮ, ಮನೆ ಒಕ್ಕಲು, ಎಲ್ಲ ಸುಡುಬಿಸಿಲಿಗೇ. ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕರೆಯುವವರೂ ಮಲಗುತ್ತಾರೆ. ಆಮೇಲೆ ವರ್ಷಕ್ಕೆ 3,500 ಮಿ.ಮೀ. ಆಸುಪಾಸಿನ ಮಳೆ ಮೇಲಿನಿಂದಲೇ ನೀರು ಹಾಕುವಾಗ ನಾನು ಜಗಲಿಯಲ್ಲಿ ಕಾಲು ಚಾಚಿ ಕೂತು ಪೂರ್ತಿ ಖಾಲಿ. ಜಡಿಮಳೆಯ ಆಟಿ ತಿಂಗಳಲ್ಲಿ ಒಬ್ಬನಾದರೂ ಮದುವೆಯಾಗಬಾರದೆ? ಎರಡು ದಿನ ಮೊದಲೇ ಹೋಗಿ ತರಕಾರಿ ಹೆಚ್ಚಿ ಕೊಡುತ್ತಿದ್ದೆ.

ಬೇಸಿಗೆಯ ತೋಟ ಮನುಷ್ಯನಿಗೆ ಕಲಿಸುವ ಒಂದು ದೊಡ್ಡ ವಿಷಯ ಉಂಟು. ಅದನ್ನು ಹೇಳಲಿಕ್ಕೆಂದೇ ಈಗ ಕೂತದ್ದು. ಆದರೆ ಅದಕ್ಕೆ ಮೊದಲು ಈ ನೀರಿನ ಸಂಗತಿ ಮುಗಿಸಿಬಿಡುತ್ತೇನೆ.

ನಮ್ಮಲ್ಲಿ ಬಾವಿ ಇಲ್ಲದೆ ಅಲ್ಲ. ಅಪ್ಪ ಮುರಕಲ್ಲು ಕಡಿಸಿ ಇಳಿಸಿದ ಬಾವಿ, 38 ಅಡಿ. ಮೊದಲೆಲ್ಲ ಏಪ್ರಿಲ್ ನಡುವಿನ ಬಿಸು ಹಬ್ಬ ಕಳೆದರೂ ಕೊಡಪಾನ ಮುಳುಗುತ್ತಿತ್ತು. ಹಿಂದಿನ ಜಾಗದಲ್ಲಿ ಒಂಬತ್ತು ಮಾಳಿಗೆ ಎದ್ದು, ಅದರ ಬೋರ್‌ವೆಲ್ ಭೂಮಿಯ ಹೊಟ್ಟೆಗೆ ಇಳಿದ ಮೇಲೆ ಮಾರ್ಚಿನಲ್ಲೇ ಕೊಡಪಾನ ಕಲ್ಲಿಗೆ ಠಣ್ ಎಂದು ಬಡಿಯುತ್ತದೆ. ಅವರ ಗೇಟಿನ ಒಳಗೆ ಮಾತ್ರ ಹುಲ್ಲುಹಾಸಿಗೆ ಕಾರಂಜಿಯ ಹಾಗೆ ನೀರು ತಿರುಗುತ್ತಿರುತ್ತದೆ, ಬೆಳಿಗ್ಗೆ ಹತ್ತು ಗಂಟೆಗೆ, ರಣಬಿಸಿಲಲ್ಲಿ. ದನಕ್ಕೆ ಹಾಕುವ ಹುಲ್ಲೂ ಅಲ್ಲ ಅದು. ಅದರ ಮೇಲೆ ಯಾರೂ ಕೂರುವುದನ್ನೂ ನಾನು ಕಂಡಿಲ್ಲ. ಅದೇ ಕಟ್ಟಡದ ಒಬ್ಬ ಮಹನೀಯರು ಒಂದು ಸಂಜೆ ಬೇಲಿ ಹತ್ತಿರ ನಿಂತು, ‘ಗಾರ್ಡನಿಂಗ್ ಅಂದ್ರೆ ಒಳ್ಳೆ ಸ್ಟ್ರೆಸ್ ರಿಲೀಫ್ ಅಲ್ವಾ ಸರ್?’ ಎಂದರು. ನನ್ನ ಕೈಯಲ್ಲಿ ಪೈಪು ಇತ್ತು, ಪೈಪಿನಲ್ಲಿ ನೀರು ಇರಲಿಲ್ಲ. ಅವರ ಪುಣ್ಯ.

ಇನ್ನು ನೆರೆಯವರಲ್ಲಿ ‘ಎರಡು ದಿನ ಸ್ವಲ್ಪ ನೀರು ಹಾಕ್ತೀರಾ?’ ಎಂದು ಕೇಳುವುದು ಸಾಲ ಕೇಳಿದಷ್ಟೇ ಕಷ್ಟ. ಒಬ್ಬರು ಒಪ್ಪಿ, ಬುಡ ಬಿಟ್ಟು ಎಲೆಗಳಿಗೆ ಮಾತ್ರ ಅಭಿಷೇಕ ಮಾಡಿದರು. ಇನ್ನೊಬ್ಬರು ‘ಡ್ರಿಪ್ ಹಾಕಿಸಿ ಮಾರಾಯ್ರೆ’ ಎಂದು ಗೇಟು ಹಾಕಿಕೊಂಡರು. ಹಾಗಾಗಿ ಸಂಬಂಧಿಕರೇ ಗತಿ ಎಂದು ಹೋಗಿ ಅಕ್ಕನ ಮಗನ ಕೈಗೆ ಸಿಕ್ಕಿಬಿದ್ದೆ.

ಅದು 2023ರ ಮೇ. ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ಊರಿಗೆಲ್ಲ ರೇಷನಿಂಗ್ ಶುರುವಾಗಿತ್ತು. ಬೆಳಿಗ್ಗೆ ಪೇಪರ್ ಬಂದರೆ ನಾನು ಮರಣವಾರ್ತೆಗಿಂತ ಮೊದಲು ತುಂಬೆಯ ಮಟ್ಟ ನೋಡುತ್ತಿದ್ದ ದಿನಗಳು. ನಾವು ನಾಲ್ಕು ದಿನ ಮೈಸೂರಿಗೆ, ಮಗಳ ಮನೆಗೆ ಹೋಗಲೇಬೇಕಾಯಿತು. ಹುಡುಗನಿಗೆ ವರ್ಕ್ ಫ್ರಂ ಹೋಮ್. ಯಾರ ಹೋಮ್ ಆದರೇನು, ನಮ್ಮ ಮನೆಯಲ್ಲಿ ಏಸಿ ಉಂಟು. ಬಂದ. ನಾನು ಅವನನ್ನು ಸಾಲು ಸಾಲು ನಡೆಸಿ ತೋರಿಸಿದೆ. ಸಂಪಿನಿಂದ ಎಷ್ಟು ಕೊಡ, ಯಾವ ಬುಡಕ್ಕೆ ಎಷ್ಟು ಚೆಂಬು, ಅಲಸಂಡೆಯ ಕುಡಿಯಲ್ಲಿ ಕಪ್ಪು ಹೇನು ಕಂಡರೆ ಬೂದಿ ಎಲ್ಲಿಟ್ಟಿದೆ. ‘ಆಯ್ತು ಮಾವ, ಡೈಲಿ ಫೋಟೊ ಹಾಕ್ತೇನೆ’ ಎಂದ. ಆ ಒಂದು ಮಾತಿಗೆ ನಾನು ಕರಗಿದೆ. ಈ ಕಾಲದ ಹುಡುಗರನ್ನು ಸುಮ್ಮನೆ ಬೈಯುತ್ತೇವೆ ಎಂದು ಹೆಂಡತಿಗೆ ಘಾಟಿಯುದ್ದಕ್ಕೂ ಹೇಳಿದೆ.

ಮೊದಲ ದಿನ ಏಳು ಗಂಟೆಗೆ ಸರಿಯಾಗಿ ಫೋಟೊ ಬಂತು. ಒದ್ದೆ ಮಣ್ಣು, ಮುಂದೊಂದು ಬೆಂಡೆ ಗಿಡ, ಹಿಂದೆ ಕಂಪೌಂಡ್ ಗೋಡೆ, ಗೋಡೆಯ ಮೇಲೊಂದು ಕಾಗೆ. ಕಾಗೆಯ ಬಾಯಲ್ಲಿ ದೋಸೆ ಚೂರು. ಎರಡನೆಯ ದಿನವೂ ಏಳಕ್ಕೇ ಬಂತು. ಸ್ವಲ್ಪ ಎಡದಿಂದ ತೆಗೆದದ್ದು. ಒದ್ದೆ ಮಣ್ಣು, ಬೆಂಡೆ, ಗೋಡೆ, ಕಾಗೆ. ಮೂರನೆಯ ದಿನ ಸ್ವಲ್ಪ ಬಲದಿಂದ. ಕಾಗೆ.

‘ನೋಡು, ಅದೇ ಕಾಗೆ’ ಎಂದೆ.

‘ಕಾಗೆಗೂ ಒಂದು ದಿನಚರಿ ಇರುದಿಲ್ವಾ?’ ಎಂದಳು ಹೆಂಡತಿ. ಅಕ್ಕನ ಮಗ ಅವಳಿಗೆ ಅಚ್ಚುಮೆಚ್ಚು.

‘ದಿನಾ ದೋಸೆಯಾ?’

‘ನೀವು ವಾರವಿಡೀ ದೋಸೆ ತಿನ್ನುದಿಲ್ವಾ?’

ಉತ್ತರವಿಲ್ಲದೆ ಸುಮ್ಮನಾದೆ. ಆದರೆ ಮೈಸೂರಿನ ಆ ಮನೆಯಲ್ಲಿ ನನಗೆ ಬೇರೆ ಕೆಲಸ ಇರಲಿಲ್ಲ. ಮೂರೂ ಫೋಟೊಗಳನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಗೋಡೆಯ ನೆರಳು ಒಂದೇ ಕಡೆ. ಅದು ಸಾಕ್ಷಿಯಾಗದು, ಅದೇ ಹೊತ್ತಿಗೆ ತೆಗೆದರೆ ನೆರಳೂ ಅಲ್ಲೇ. ಒಣಹಾಕಿದ ಬೈರಾಸ ಒಂದೇ. ಅದೂ ಸಾಕ್ಷಿಯಲ್ಲ, ಅವನು ಬಟ್ಟೆ ಒಗೆಯುವ ಜಾತಿಯವನಲ್ಲ. ಕಡೆಗೆ ಕಣ್ಣಿಗೆ ಬಿದ್ದದ್ದು ಮುಂದಿನ ಗಿಡದ ಬೆಂಡೆಕಾಯಿ. ಮೊದಲ ದಿನ ಕಿರುಬೆರಳಿನಷ್ಟು. ಎರಡನೆಯ ದಿನ ಕಿರುಬೆರಳಿನಷ್ಟು. ಮೂರನೆಯ ದಿನವೂ ಕಿರುಬೆರಳಿನಷ್ಟೇ.

ಕಾಗೆ ಸುಳ್ಳು ಹೇಳಬಹುದು, ಬೆಂಡೆಕಾಯಿ ಹೇಳುವುದಿಲ್ಲ. ಇಂದು ಕಿರುಬೆರಳಾದದ್ದು ನಾಳೆ ನಡುಬೆರಳು. ಎರಡು ದಿನ ಕೊಯ್ಯದೆ ಬಿಟ್ಟರೆ ನಾರು. ನಾಲ್ಕು ದಿನ ಬಿಟ್ಟರೆ ಅದರಲ್ಲಿ ಚೆಂಡೆ ಬಾರಿಸಬಹುದು. ನಾಲ್ಕನೆಯ ಫೋಟೊ ಬರುವವರೆಗೆ ಕಾದೆ. ಬಂತು. ಕಿರುಬೆರಳು. ಕೆಳಗೆ ‘ಗುಡ್ ಮಾರ್ನಿಂಗ್ ಮಾವ’ ಎಂದು ಹೂವಿನ ಚಿತ್ರ ಬೇರೆ.

ಮನೆಗೆ ಬಂದು ನೋಡಿದರೆ ಹರಿವೆ ಮಕಾಡೆ ಮಲಗಿತ್ತು. ಬೆಂಡೆ ಚೆಂಡೆ ಕೋಲಾಗಿತ್ತು. ಅಲಸಂಡೆಯ ಹೂವನ್ನು ನವಿಲುಗಳು ಬಂದು ಸಾವಕಾಶವಾಗಿ ಮುಗಿಸಿ ಹೋಗಿದ್ದವು. ನವಿಲಿಗೆ 1963ರಲ್ಲಿ ರಾಷ್ಟ್ರಪಕ್ಷಿಯ ಪಟ್ಟ ಕಟ್ಟಿದವರ ಮನೆಯಲ್ಲಿ ಅಲಸಂಡೆ ಇದ್ದಿರಲಿಕ್ಕಿಲ್ಲ. ಈಗ ಹುಶ್ ಎನ್ನುವುದಕ್ಕಿಂತ ಹೆಚ್ಚಿನದೇನೂ ನಮ್ಮ ಕೈಯಲ್ಲಿಲ್ಲ, ಅದು ಹುಶ್‌ಗೆ ಕತ್ತು ಕೂಡ ತಿರುಗಿಸುವುದಿಲ್ಲ. ಊರೆಲ್ಲ ನೀರಿಗೆ ಬಾಯಿ ಬಿಡುವಾಗ ನಮ್ಮ ಸಂಪಿನಲ್ಲಿ ಮಾತ್ರ ಕುತ್ತಿಗೆವರೆಗೆ ನೀರು. ನಳನಳಿಸುತ್ತಿದ್ದದ್ದು ಬಸಳೆ ಒಂದೇ. ಅದರ ಬುಡಕ್ಕೆ ಹೋಗುವುದು ಬಚ್ಚಲಿನ ನೀರು. ಹುಡುಗ ದಿನಕ್ಕೆ ಎರಡು ಹೊತ್ತು ಸ್ನಾನ ಮಾಡಿದ್ದಾನೆ ಎಂಬುದಕ್ಕೆ ಬಸಳೆಯೇ ಸಾಕ್ಷಿ.

ಬೈದೆನೇ ಎಂದರೆ, ಇಲ್ಲ. ‘ಎಂತ ಮಾವ, ಬಿಸಿಲು ಜೋರಿತ್ತು’ ಎಂದ. ಹೌದು, ಇತ್ತು. ಹೆಂಡತಿ ಆ ಬಸಳೆಯನ್ನೇ ಕೊಯ್ದು ಹಲಸಿನ ಬೀಜ ಹಾಕಿ ಕೊದ್ದೆಲು ಮಾಡಿ ಅವನಿಗೆ ಬಡಿಸಿದಳು. ಎರಡು ಸಲ ಹಾಕಿಸಿಕೊಂಡ.

ಆ ದೊಡ್ಡ ವಿಷಯ ಹೇಳುತ್ತೇನೆ ಎಂದಿದ್ದೆ. ಬೆಳಿಗ್ಗೆ ಐದೂವರೆಗೆ, ಸೆಕೆ ಏಳುವ ಮೊದಲು, ಚೆಂಬು ಹಿಡಿದು ಬುಡದಿಂದ ಬುಡಕ್ಕೆ ಹೋಗುವಾಗ ಅದು ಸ್ಪಷ್ಟವಾಗಿ ಹೊಳೆಯುತ್ತದೆ. ಕಾಲು ತೊಳೆದು ಒಳಗೆ ಬಂದು ಪೆನ್ನು ತೆಗೆಯುವುದರೊಳಗೆ ಹೋಗಿಬಿಡುತ್ತದೆ. ನಾಳೆ ಪೆನ್ನು ಕಿಸೆಯಲ್ಲೇ ಇಟ್ಟುಕೊಂಡು ಇಳಿಯುತ್ತೇನೆ.

ಈಗ ಅರ್ಜೆಂಟಿನದು ಮೊನ್ನೆಯ ಕಾಗದ. ಮದುವೆ ಅಕ್ಕನ ಮಗನದೇ. ನಿನ್ನೆ ಫೋನ್ ಮಾಡಿ, ‘ಮಾವ, ನೀವು ಬರ್ಲೇಬೇಕು, ತೋಟ ಗೀಟ ಅಂತ ನೆವನ ಹೇಳ್ಬಾರ್ದು’ ಎಂದ. ಬರ್ತೇನೆ ಮಾರಾಯ ಎಂದೆ. ಆಮೇಲೆ ಕೂತು ಫೋನಿನಲ್ಲಿ ಹುಡುಕಿದೆ. ಹೋದ ವರ್ಷ ಮೂಡುಬಿದಿರೆಯ ಒಂದು ಮದುವೆಯಲ್ಲಿ ತೆಗೆದ ಚಂದದ ಫೋಟೊ ಸಿಕ್ಕಿತು. ಬಿಳಿ ಪಂಚೆ, ಹೆಗಲಿಗೆ ಶಾಲು, ಮುಂದೆ ಬಾಳೆಲೆ, ಕೈಯಲ್ಲಿ ಹೋಳಿಗೆ. ಸ್ವಲ್ಪ ಎಡದಿಂದ ತೆಗೆದದ್ದು ಒಂದು, ಸ್ವಲ್ಪ ಬಲದಿಂದ ತೆಗೆದದ್ದು ಇನ್ನೊಂದು. ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಹಿಂದೆಲ್ಲೂ ಕಾಗೆ ಇಲ್ಲ.