ಗೂಡು ಬಿಟ್ಟು ಬೇರೇನೂ ಸಿಗಲಿಲ್ವಾ?

ಫೆಬ್ರವರಿ ಮುಗಿಯುವ ಹೊತ್ತಿಗೆ ಫೇಸ್‌ಬುಕ್ ತುಂಬ ಹಕ್ಕಿಗೂಡುಗಳು. ಬಾಯಿ ತೆರೆದು ಕೂತ ಪಿಕಳಾರದ ಮರಿಗಳು, ಮೊಬೈಲನ್ನು ಗೂಡಿನೊಳಕ್ಕೇ ತೂರಿಸಿ ತೆಗೆದ ಮೊಟ್ಟೆಗಳು. ಅದಕ್ಕೆ ನೂರಾರು ಲೈಕ್. ನನಗಂತೂ ನೋಡಿದರೆ ಕಿರಿಕಿರಿ. ಹಿತ್ತಿಲ ಹಕ್ಕಿಗಳ ಫೋಟೋ ಎಷ್ಟು ಬೇಕಾದರೂ ತೆಗೆಯೋಣ, ಗೂಡಿನ ತಂಟೆಗೆ ಮಾತ್ರ ಹೋಗುವುದು ಬೇಡ.

‘ಹಳೇ ಕಾಲದವರು ತೆಗೀತಿರ್ಲಿಲ್ವಾ?’ ಅಂತ ಗೆಳೆಯರೊಬ್ಬರು ಕೇಳಿದರು. ತೆಗೆದಿದ್ದಾರೆ, ನಿಜ. ಆಗಿನ ಫಿಲ್ಮ್ ನಿಧಾನದ್ದು, ಬೆಳಕು ಜಾಸ್ತಿ ಬೇಕಿತ್ತು, ಒಂದು ರೋಲಿಗೆ 36 ಚಿತ್ರ, ದೂರದ್ದನ್ನು ಹತ್ತಿರ ಎಳೆಯುವ ಲೆನ್ಸ್ ಎಲ್ಲರಿಗೂ ಎಟಕುತ್ತಿರಲಿಲ್ಲ. ಹಕ್ಕಿ ಖಂಡಿತ ವಾಪಸ್ ಬರುವ ಜಾಗ ಅಂದರೆ ಗೂಡು. ಹಾಗಾಗಿ ಅದರೆದುರು ಮರೆ ಕಟ್ಟಿಕೊಂಡು, ಹಕ್ಕಿಗೆ ಅದು ರೂಢಿಯಾಗುವವರೆಗೆ ಕಾಯುತ್ತಿದ್ದರು. ಈಗ 600 ಎಂಎಂ ಜೂಮ್ ಇದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 3200ಕ್ಕೆ ಏರಿಸಿದರೂ ಚಿತ್ರ ಚೆನ್ನಾಗೇ ಬರುತ್ತದೆ. ಹಕ್ಕಿಯ ಕಣ್ಣನ್ನು ಕ್ಯಾಮೆರಾನೇ ಹುಡುಕಿ ಫೋಕಸ್ ಮಾಡುತ್ತದೆ. ಇಷ್ಟೆಲ್ಲ ಇಟ್ಟುಕೊಂಡು ಗೂಡಿನ ಬಾಗಿಲಿಗೇ ಹೋಗಿ ನಿಲ್ಲಬೇಕಾ?

ಸಿಂಪಿಗ ಹಕ್ಕಿಯ ಗೂಡು ನೋಡಿದವರಿಗೆ ಗೊತ್ತು. ಎಲೆಯ ಅಂಚಿಗೆ ಕೊಕ್ಕಿನಿಂದ ಸಣ್ಣ ಸಣ್ಣ ತೂತು ಮಾಡಿ, ಜೇಡರ ಬಲೆಯ ಎಳೆ, ಹತ್ತಿಯ ನಾರು ಪೋಣಿಸಿ ಜೋಳಿಗೆ ಹೊಲಿಯುತ್ತದೆ. ಎಲೆ ಗಿಡದಲ್ಲೇ ಹಸಿರಾಗಿರುತ್ತದೆ. ಸುತ್ತಲಿನ ಎಲೆಗಳ ನಡುವೆ ಇದೂ ಒಂದು ಎಲೆಯಾಗಿ ಕಾಣಬೇಕು, ಅದೇ ಅದರ ರಕ್ಷಣೆ. ನಮ್ಮವರು ‘ಕ್ಲೀನ್ ಫ್ರೇಮ್’ ಬೇಕು ಅಂತ ಮುಂದಿನ ಕೊಂಬೆಯನ್ನು ಬಗ್ಗಿಸಿ ದಾರ ಕಟ್ಟುತ್ತಾರೆ. ಕೆಲವರು ಕತ್ತರಿಯನ್ನೇ ತರುತ್ತಾರೆ! ಮಧ್ಯಾಹ್ನದ ಬಿಸಿಲು ಇನ್ನೂ ಕಣ್ಣು ಬಿಡದ ಮರಿಗಳ ಮೇಲೆ ನೇರವಾಗಿ ಬೀಳುತ್ತದೆ. ಕಾಗೆ, ಕೆಂಬೂತ, ಮಟಪಕ್ಷಿಗಳಿಗೆ ದಾರಿ ಸಲೀಸು. (ಅವನ್ನು ಬಯ್ಯಬೇಡಿ, ಅವುಗಳಿಗೂ ಮರಿಗಳಿವೆ.) 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೂ ಕಾಡುಹಕ್ಕಿಗಳ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದನ್ನು ಬೇಟೆಯ ಲೆಕ್ಕಕ್ಕೇ ಸೇರಿಸಿದೆ.

ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವುದೂ ಬೇಡ. ಮಡಿವಾಳ ಹಕ್ಕಿ ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿದೆ ಅಂದುಕೊಂಡು ಜಗಳಕ್ಕೆ ಬರುತ್ತದೆ, ನಿಮ್ಮ ಕ್ಯಾಮೆರಾಕ್ಕೆ ಪೋಸ್ ಕೊಡೋಕಲ್ಲ.

ಹಾಗಾದರೆ ಏನು ತೆಗೆಯುವುದು? ದಾಸವಾಳದ ಗಿಡದ ಹತ್ತಿರ ಕುರ್ಚಿ ಹಾಕಿ ಕೂತು ನೋಡಿ. ಊದಾ ಸೂರಕ್ಕಿಯ ಗಂಡು ಈಗ ಪೂರ್ತಿ ಮಿರಿಮಿರಿ ಮಿಂಚುತ್ತಿರುತ್ತದೆ. ಮರಿ ಮಾಡುವ ಕಾಲ ಮುಗಿದರೆ ಎದೆಯ ನಡುವೆ ಒಂದು ಕಪ್ಪು ಪಟ್ಟೆ ಬಿಟ್ಟು ಉಳಿದದ್ದೆಲ್ಲ ಹೆಚ್ಚುಕಡಿಮೆ ಹೆಣ್ಣಿನ ಬಣ್ಣವೇ. ದಾಸವಾಳಕ್ಕೆ ಅದು ಎದುರಿನಿಂದ ಬರುವುದು ಕಡಿಮೆ. ಪಕ್ಕದಲ್ಲಿ ಕೂತು ಹೂವಿನ ಬುಡಕ್ಕೆ ಕೊಕ್ಕು ಚುಚ್ಚಿ ಮಕರಂದ ಕದಿಯುತ್ತದೆ. ಪರಾಗ ಮುಟ್ಟುವುದಿಲ್ಲ, ಹೂವಿಗೆ ಚಿಕ್ಕಾಸಿನ ಉಪಕಾರವಿಲ್ಲ. ಆದ್ದರಿಂದ ಹೂವಿನ ಮುಖಕ್ಕೆ ಫೋಕಸ್ ಹಿಡಿದು ಕಾಯಬೇಡಿ, ತೊಟ್ಟಿನ ಕಡೆ ಹಿಡಿಯಿರಿ. ಬಿಸಿಲು ನಿಮ್ಮ ಬೆನ್ನಿಗಿರಲಿ. ಆ ನೀಲಿ ನೇರಳೆ ಗರಿಗೆ ಬಳಿದ ಬಣ್ಣವಲ್ಲ, ಗರಿಯ ರಚನೆಯಲ್ಲಿ ಬೆಳಕು ಆಡುವ ಆಟ. ಹಕ್ಕಿ ಕತ್ತು ಒಂಚೂರು ತಿರುಗಿಸಿದರೂ ಸಾಕು, ನೇರಳೆ ಹೋಗಿ ಬರೀ ಕಪ್ಪು. ಹಿಂದೆ ಆಕಾಶವಿದ್ದರೆ ಎಕ್ಸ್‌ಪೋಷರ್ ಒಂದು ಸ್ಟಾಪ್ (ಅಂದರೆ ಬೆಳಕು ಎರಡರಷ್ಟು) ಏರಿಸಿ. ಶಟರ್ 1/2000 ಸೆಕೆಂಡ್ ಇದ್ದರೂ ರೆಕ್ಕೆ ಮಸುಕಾದೀತು, ಪರವಾಗಿಲ್ಲ. ರೆಕ್ಕೆ ಮಸುಕಾಗಿ ಕಣ್ಣು ಚೂಪಾಗಿರುವ ಚಿತ್ರವೇ ನನಗೆ ಜಾಸ್ತಿ ಇಷ್ಟ.

ಹತ್ತಿರದಲ್ಲಿ ಬೂರುಗದ ಮರ ಇದ್ದರೆ ನೀವು ಪುಣ್ಯವಂತರು. ಮಧ್ಯ ಏಷ್ಯಾದ ಕಡೆ ವಾಪಸ್ ಹೊರಡುವ ಮುಂಚೆ ಗುಲಾಬಿ ಕಬ್ಬಕ್ಕಿಗಳು ಅದರ ಕೆಂಪು ಹೂಗಳಿಗೆ ಮುಗಿಬೀಳುತ್ತವೆ, ಮುಖಕ್ಕೆಲ್ಲ ಪರಾಗ ಮೆತ್ತಿಕೊಂಡು. ಅಲ್ಲಿ ಗಲಾಟೆಯೋ ಗಲಾಟೆ.

ಓತಿಕ್ಯಾತನನ್ನೂ ಮರೆಯಬೇಡಿ. ಬಿಸಿಲು ಏರಿದ ಹಾಗೆ ಗಂಡಿನ ತಲೆ, ಗಂಟಲು ಕೆಂಪೇರುತ್ತವೆ. ಕಾಂಪೌಂಡ್ ಮೇಲೆ ನಿಂತು ದಂಡ ಹೊಡೆಯುತ್ತಾನೆ. ನಿಂತೇ ತೆಗೆದರೆ ಬೆನ್ನು ಮಾತ್ರ ಬರುತ್ತದೆ, ಕ್ಯಾಮೆರಾವನ್ನು ಅವನ ಕಣ್ಣಿನ ಮಟ್ಟಕ್ಕೆ ಇಳಿಸಿ. ನಿಧಾನವಾಗಿ ಹೋದರೆ ಸಾಮಾನ್ಯವಾಗಿ ಓಡುವುದಿಲ್ಲ.

ಇನ್ನು ಹೊಂಗೆ ಹೂ ಬಿಟ್ಟರೆ ಜೇನುಗಳ ಸರದಿ. ಅದಕ್ಕೆ ಬೇಕಾದ, ಸಣ್ಣದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸ್ ನನ್ನ ಹತ್ತಿರ ಇಲ್ಲ. ಮೈಸೂರಲ್ಲಿ ಯಾರ ಬೀರುವಿನಲ್ಲಾದರೂ 100 ಎಂಎಂ ಸುಮ್ನೆ ಕೂತಿದ್ದರೆ ಹೇಳಿ. ಒಂದು ವಾರ ಸಾಲ ಸಾಕು, ಬೇಕಾದರೆ ಬಾಡಿಗೆಯಾಗಿ ಒಂದು ಫಿಲ್ಟರ್ ಕಾಫಿ.