ಕೋಕಾಪೇಟೆಗೆ ಹೊರಟವರು ಫ್ಲಾಟನ್ನು ಕೊನೆಗೆ ನೋಡಲಿ

ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ ಬಿಟ್ಟು ಹೈದರಾಬಾದಿನ ಪಶ್ಚಿಮಕ್ಕೆ, ಅಂದರೆ ಕೋಕಾಪೇಟೆ, ನಾರ್ಸಿಂಗಿ, ನಾನಕ್‌ರಾಮ್‌ಗೂಡ, ತೆಲ್ಲಾಪುರದ ಕಡೆಗೆ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಹೊರಡುವವರು ಬಹುತೇಕ ಒಂದೇ ದಾರಿ ಹಿಡಿಯುತ್ತಾರೆ. ಮೊದಲು ಫ್ಲಾಟ್. ಎತ್ತರದ ಮಹಡಿ, ಗಂಡಿಪೇಟೆ ಕೆರೆ ಕಾಣುವ ಬಾಲ್ಕನಿ, ಈಜುಕೊಳ ನೋಡಿ ಮನಸೋತು ಟೋಕನ್ ಕೊಡುತ್ತಾರೆ. ಆಮೇಲೆ ಶಾಲೆ ಹುಡುಕುತ್ತಾರೆ. ಮಾಲೀಕರು ಇರುವುದು ಅಮೆರಿಕದಲ್ಲಿ ಎಂದು ಗೊತ್ತಾಗುವುದು ಕರಾರುಪತ್ರಕ್ಕೆ ಸಹಿ ಹಾಕುವ ದಿನ. ಇದು ತಲೆಕೆಳಗಾದ ಕ್ರಮ. ಶಾಲೆ ಮೊದಲು, ಮಾಲೀಕರು ಯಾರು ಎಂಬುದು ಎರಡನೆಯದು, ಕಟ್ಟಡ ಆಮೇಲೆ, ಲಾರಿ ಕೊನೆಗೆ. ಈ ಕ್ರಮ ತಪ್ಪಿದರೆ ದುಡ್ಡು ಮಾತ್ರ ಹೋಗುವುದಿಲ್ಲ, ಮಗುವಿನ ಒಂದು ವರ್ಷವೂ ಹೋಗಬಹುದು.

ಶಾಲೆ ಮೊದಲು ಏಕೆಂದರೆ ಕಾಗದದ ಕೆಲಸ ನಿಧಾನವಾಗುವುದು ಅಲ್ಲೇ. ಒಂದನೇ ತರಗತಿಗೆ ಎಷ್ಟು ವಯಸ್ಸಾಗಿರಬೇಕು, ಯಾವ ದಿನಾಂಕಕ್ಕೆ ಲೆಕ್ಕ ಎಂಬುದನ್ನು ಹೊಸ ಶಾಲೆಯಿಂದ ಬರಹದಲ್ಲೇ ಕೇಳಿ ಪಡೆಯಿರಿ. ಬೆಂಗಳೂರಿನಲ್ಲಿ ಯುಕೆಜಿ ಮುಗಿಸಿದ ಮಗುವಿಗೆ ಅಲ್ಲಿ ಮತ್ತೆ ಯುಕೆಜಿ ಎಂದರೆ ತಂದೆ ತಾಯಿ ತಯಾರಿರಬೇಕು. ಟಿಸಿ ಕೈಗೆ ಬಂದರೆ ಸಾಲದು. ಹಳೆಯ ಶಾಲೆಯವರು ಶಾಲಾ ಮಕ್ಕಳ ದಾಖಲೆ ಇಡುವ ಕೇಂದ್ರದ ಯುಡೈಸ್ ಪ್ಲಸ್ ಪೋರ್ಟಲಿನಲ್ಲಿ ಮಗುವನ್ನು ಡ್ರಾಪ್‌ಬಾಕ್ಸಿಗೆ, ಅಂದರೆ ಶಾಲೆ ಬಿಟ್ಟವರ ಪಟ್ಟಿಗೆ, ಬಿಡಬೇಕು. ಆಗ ಮಾತ್ರ ಹೊಸ ಶಾಲೆ ಪೆನ್ ನಂಬರ್ (ವಿದ್ಯಾರ್ಥಿಯ ಕಾಯಂ ಗುರುತಿನ ಸಂಖ್ಯೆ) ಹಾಕಿ ತನ್ನ ಪಟ್ಟಿಗೆ ಎಳೆದುಕೊಳ್ಳಬಹುದು. ಫೀಸ್ ಬಾಕಿ ಎಂದೋ, ಪೋರ್ಟಲ್ ನೋಡಿಕೊಳ್ಳುವವರು ರಜೆಯಲ್ಲಿದ್ದಾರೆ ಎಂದೋ ಇದು ತಿಂಗಳುಗಟ್ಟಲೆ ನಿಲ್ಲುತ್ತದೆ. ಟಿಸಿ ಇಸಿದುಕೊಳ್ಳುವ ದಿನವೇ ಕೌಂಟರಿನಲ್ಲಿ ನಿಂತು ಪೆನ್ ನಂಬರ್ ಬರೆಸಿಕೊಂಡು, ಡ್ರಾಪ್‌ಬಾಕ್ಸ್ ಮಾಡಿಸಿಕೊಂಡೇ ಹೊರಡಿ. ಹೆಸರಿನ ಕಾಗುಣಿತ ಆಧಾರ್, ಜನನ ಪ್ರಮಾಣಪತ್ರ, ಟಿಸಿ ಮೂರರಲ್ಲೂ ಒಂದೇ ಇರಲಿ. ಇನಿಷಿಯಲ್ ಹಿಂದೆ ಮುಂದೆ ಆಗಿರುವುದು ನಮ್ಮ ಕಡೆ ಮಾಮೂಲು, ಪೋರ್ಟಲಿಗೆ ಅದು ಬೇರೆಯೇ ಮಗು.

ತೆಲುಗಿನ ವಿಚಾರಕ್ಕೆ ಅನೇಕರು ಗಾಬರಿಯಾಗುತ್ತಾರೆ. 2018ರ ಕಾಯ್ದೆಯ ಪ್ರಕಾರ ತೆಲಂಗಾಣದಲ್ಲಿ ಬೋರ್ಡ್ ಯಾವುದೇ ಇರಲಿ, ಶಾಲೆಯಲ್ಲಿ ತೆಲುಗು ಕಲಿಯಲೇಬೇಕು. ನಮ್ಮಲ್ಲೂ 2015ರ ಕನ್ನಡ ಕಲಿಕಾ ಕಾಯ್ದೆ ಇದೆ, ಹಾಗಾಗಿ ಗೊಣಗುವ ಹಕ್ಕು ನಮಗಿಲ್ಲ. ಒಂದು, ಎರಡನೇ ತರಗತಿಯ ಮಗುವಿಗೆ ಇದು ಕಷ್ಟವೇ ಅಲ್ಲ. ಲಿಪಿ ಅಕ್ಕತಂಗಿ. ಕನ್ನಡ ಓದಲು ಬರುವ ಮಗು ತೆಲುಗು ಅಕ್ಷರಗಳನ್ನು ಬೇಗ ಹಿಡಿಯುತ್ತದೆ, ಆದರೆ ತಲೆಕಟ್ಟು ಮಾತ್ರ ಬಹಳ ದಿನ ಕನ್ನಡದ್ದೇ ಬರುತ್ತದೆ. ಅದಕ್ಕೆ ಬೈಯಬೇಡಿ. ಕಷ್ಟವಾಗುವುದು ಏಳು, ಎಂಟನೇ ತರಗತಿಯ ದೊಡ್ಡ ಮಕ್ಕಳಿದ್ದರೆ. ತೆಲುಗು ಮಾತೃಭಾಷೆಯಲ್ಲದವರಿಗಾಗಿ ಒಂಬತ್ತು ಮತ್ತು ಹತ್ತಕ್ಕೆ ‘ವೆನ್ನೆಲ’ ಎಂಬ ಸರಳ ಪಠ್ಯವನ್ನು ಅಲ್ಲಿನ ಸರ್ಕಾರ ಗೊತ್ತು ಮಾಡಿದೆ. ನಿಮ್ಮ ಶಾಲೆ ಅದನ್ನೇ ಪಾಠ ಮಾಡುತ್ತದೆಯೇ ಎಂದು ಕೇಳಿ. ಇನ್ನು ಕನ್ನಡವನ್ನು ಆ ಭಾಗದ ಶಾಲೆಗಳಿಂದ ನಿರೀಕ್ಷಿಸಬೇಡಿ. ಕಾಚಿಗೂಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರವೇನೋ ಇದೆ, ಹಳೆಯ ನಿಜಾಮರ ಕಾಲದಿಂದಲೂ ಆ ಸುತ್ತ ಕನ್ನಡಿಗರಿದ್ದಾರೆ. ಆದರೆ ಕೋಕಾಪೇಟೆಯಿಂದ ಅದು ಊರಿನ ಇನ್ನೊಂದು ತುದಿ. ಕನ್ನಡ ಅಕ್ಷರಾಭ್ಯಾಸ ಮನೆಯಲ್ಲೇ ಆಗಬೇಕು.

ಈಗ ಮಾಲೀಕರ ವಿಚಾರ. ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ, ಬ್ರೋಕರ್ ಬಾಯಿಬಿಡದೇ ಇರುವುದೂ ಇದನ್ನೇ.

ಮಾಲೀಕರು ಭಾರತದಲ್ಲೇ ವಾಸ ಇದ್ದರೆ ಲೆಕ್ಕ ಸುಲಭ. ತಿಂಗಳ ಬಾಡಿಗೆ ₹50,000 ದಾಟಿದರೆ ಬಾಡಿಗೆದಾರರೇ ಶೇ 2 ಟಿಡಿಎಸ್, ಅಂದರೆ ಮೂಲದಲ್ಲೇ ಮುರಿದುಕೊಳ್ಳುವ ತೆರಿಗೆ, ಹಿಡಿದು ಕಟ್ಟಬೇಕು. 2024ರ ಅಕ್ಟೋಬರ್‌ಗೆ ಮುಂಚೆ ಇದು ಶೇ 5 ಇತ್ತು. ಟ್ಯಾನ್ (ತೆರಿಗೆ ಹಿಡಿಯುವವರು ಪಡೆಯುವ ನಂಬರ್) ಬೇಡ, ಇಬ್ಬರ ಪ್ಯಾನ್ ಸಾಕು. ವರ್ಷಕ್ಕೊಮ್ಮೆ, ಮಾರ್ಚಿನಲ್ಲಿ ಅಥವಾ ಮನೆ ಬಿಡುವ ಕೊನೆಯ ತಿಂಗಳಲ್ಲಿ ಹಿಡಿದರೆ ಆಯಿತು. ತಡ ಮಾಡಿದರೆ ದಿನಕ್ಕೆ ₹200ರಂತೆ ಶುಲ್ಕ ಬೀಳುತ್ತದೆ.

ಮಾಲೀಕರು ಎನ್‌ಆರ್‌ಐ ಆಗಿದ್ದರೆ ಆಟವೇ ಬೇರೆ. ಅಲ್ಲಿ ₹50,000ದ ಮಿತಿ ಇಲ್ಲ. ತಿಂಗಳು ತಿಂಗಳೂ ಶೇ 30, ಅದರ ಮೇಲೆ ಸೆಸ್ ಸೇರಿ ಶೇ 31.2 ಹಿಡಿಯಬೇಕು. ಬಾಡಿಗೆ ₹90,000 ಅಂದರೆ ₹28,080 ಸರ್ಕಾರಕ್ಕೆ, ಉಳಿದದ್ದು ಮಾಲೀಕರಿಗೆ. ಇದಕ್ಕೆ ಟ್ಯಾನ್ ಮಾಡಿಸಬೇಕು, ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು, ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕಬೇಕು. ಹಿಡಿಯದೇ ಪೂರ್ತಿ ಬಾಡಿಗೆ ಕೊಟ್ಟರೆ ಆ ತೆರಿಗೆ, ಬಡ್ಡಿ ಎರಡೂ ಬಾಡಿಗೆದಾರರ ಕುತ್ತಿಗೆಗೆ. "ಅವರ ತಂದೆಯ ಅಕೌಂಟಿಗೆ ಹಾಕಿಬಿಡಿ ಸಾರ್, ಎಲ್ಲರೂ ಹಾಗೇ ಮಾಡೋದು" ಎಂದು ಬ್ರೋಕರ್ ಹೇಳುತ್ತಾನೆ. ತಂದೆಯ ಹೆಸರಿನಲ್ಲಿ ಜಿಪಿಎ (ಮಗನ ಪರ ವ್ಯವಹರಿಸುವ ಅಧಿಕಾರಪತ್ರ) ಇದ್ದರೂ ಮನೆ ಮಗನದ್ದೇ, ಆದಾಯವೂ ಮಗನದ್ದೇ. ಮಾಲೀಕರು ಕಡಿಮೆ ದರದ ಪ್ರಮಾಣಪತ್ರವನ್ನು ಆದಾಯ ತೆರಿಗೆ ಇಲಾಖೆಯಿಂದ ತಂದುಕೊಟ್ಟರೆ ಮಾತ್ರ ಕಡಿಮೆ ಹಿಡಿಯಬಹುದು. ಹಾಗಾಗಿ ಟೋಕನ್‌ಗೆ ಮುಂಚೆಯೇ ಕೇಳಬೇಕಾದ ಪ್ರಶ್ನೆ ಒಂದೇ: ಮಾಲೀಕರು ತೆರಿಗೆಯ ಲೆಕ್ಕದಲ್ಲಿ ನಿವಾಸಿಯೋ, ಅನಿವಾಸಿಯೋ? ಉತ್ತರವನ್ನು ಕರಾರುಪತ್ರದಲ್ಲೇ ಬರೆಸಿ. ನನ್ನನ್ನು ಕೇಳಿದರೆ, ಇಷ್ಟು ತಲೆನೋವು ಬೇಡವೆನ್ನುವವರು ನಿವಾಸಿ ಮಾಲೀಕರ ಸ್ವಲ್ಪ ಹಳೆಯ ಫ್ಲಾಟೇ ಹಿಡಿಯಲಿ.

ಬೆಂಗಳೂರಿನ ದೊಡ್ಡ ಅಡ್ವಾನ್ಸ್ ಅಲ್ಲಿಲ್ಲ, ಸಾಮಾನ್ಯವಾಗಿ ಎರಡು ತಿಂಗಳ ಬಾಡಿಗೆ. ಖುಷಿಯ ವಿಷಯವೇ. ಆದರೆ ಇಲ್ಲಿನ ಅಡ್ವಾನ್ಸ್ ವಾಪಸ್ಸಾಗುವುದು ಕೀಲಿ ಒಪ್ಪಿಸಿ, ಪೇಂಟಿಂಗಿಗೆ ಮುರಿದುಕೊಂಡ ಮೇಲೆ. ಅಲ್ಲಿಯವರೆಗೆ ಎರಡೂ ಕಡೆಯ ಖರ್ಚು ನಡೆಸುವಷ್ಟು ಕೈಯಲ್ಲಿರಬೇಕು.

ಕಟ್ಟಡ ನೋಡುವಾಗ ಕ್ಲಬ್‌ಹೌಸ್ ಬಿಟ್ಟು ಪಕ್ಕದ ಖಾಲಿ ಜಾಗ ನೋಡಿ. 2023ರ ಆಗಸ್ಟಿನಲ್ಲಿ ಕೋಕಾಪೇಟೆಯ ನಿಯೋಪೊಲಿಸ್‌ನಲ್ಲಿ ಅಲ್ಲಿನ ನಗರಾಭಿವೃದ್ಧಿ ಪ್ರಾಧಿಕಾರ ಎಚ್‌ಎಂಡಿಎ ನಡೆಸಿದ ಹರಾಜಿನಲ್ಲಿ ಎಕರೆಯ ಬೆಲೆ ₹100 ಕೋಟಿ ದಾಟಿತು. ಅಷ್ಟು ಕೊಟ್ಟವರು ಅಲ್ಲಿ ಹುಲ್ಲು ಬೆಳೆಸುವುದಿಲ್ಲ. ನೆಲ ಗ್ರಾನೈಟ್ ಬಂಡೆ, ನಾಲ್ಕೈದು ನೆಲಮಾಳಿಗೆಗೆ ಬಂಡೆ ಸಿಡಿಸಲೇಬೇಕು. ಮಧ್ಯಾಹ್ನ ಮಲಗಿದ ಕೂಸು ಬೆಚ್ಚಿ ಏಳುತ್ತದೆ, ದೂಳು ಎಸಿ ಫಿಲ್ಟರ್ ತುಂಬುತ್ತದೆ. ಉಬ್ಬಸ ಇರುವ ಮಕ್ಕಳಿದ್ದರೆ ಸುತ್ತ ಕಟ್ಟಿ ಮುಗಿದಿರುವ ನಲ್ಲಗಂಡ್ಲ, ಕೊಂಡಾಪುರ ಕಡೆಯೇ ವಾಸಿ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ, ಹೈದರಾಬಾದ್ ಐನೂರು ಚಿಲ್ಲರೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುವುದು ಅಲ್ಲಿ ಸುದ್ದಿಯೇ ಅಲ್ಲ. ಪಶ್ಚಿಮಕ್ಕೆ ಗಾಜಿನ ಗೋಡೆ ಇರುವ ಮಲಗುವ ಕೋಣೆಯನ್ನು ಮಕ್ಕಳಿಗೆ ಕೊಡಬೇಡಿ. ಜನರೇಟರಿನ ಯೂನಿಟ್ ದರ ಬೇರೆ, ಅದನ್ನು ಬರಹದಲ್ಲಿ ಕೇಳಿ. ಬೇಸಿಗೆಯಲ್ಲಿ ಟ್ಯಾಂಕರ್ ನೀರಿನ ಖರ್ಚನ್ನು ಸಂಘ ಹೇಗೆ ಹಂಚುತ್ತದೆ ಎಂಬುದನ್ನೂ. ಬಾಲ್ಕನಿಗೆ ಇನ್ವಿಸಿಬಲ್ ಗ್ರಿಲ್ ಹಾಕಲು ಸಂಘದ ಒಪ್ಪಿಗೆ ಮೊದಲೇ ಸಿಗದಿದ್ದರೆ, ಅಂಬೆಗಾಲಿಡುವ ಮಗು ಇರುವವರು ಆ ಮನೆ ಮರೆತುಬಿಡಿ. ಬೆಳಗ್ಗೆ ಏಳೂವರೆಗೆ ಒಮ್ಮೆ ಹೋಗಿ ಲಿಫ್ಟಿಗೆ ಎಷ್ಟು ಕಾಯಬೇಕು ನೋಡಿ, ಶಾಲಾ ಬಸ್ಸು ತಪ್ಪುವುದು ರಸ್ತೆಯಲ್ಲಲ್ಲ. ಮೆಟ್ರೊ ರಾಯದುರ್ಗದಲ್ಲೇ ಮುಗಿಯುತ್ತದೆ, ಕೋಕಾಪೇಟೆಯವರೆಗೆ ಬರುವುದಿಲ್ಲ.

ಮನೆ ಕೊಳ್ಳುವುದನ್ನು ಒಂದು ವರ್ಷ ಮುಂದೂಡಿ. 2024ರ ಜುಲೈನಲ್ಲಿ ಕೆರೆ ಒತ್ತುವರಿ ಕೆಡವುವ ಸರ್ಕಾರಿ ಸಂಸ್ಥೆ ಹೈಡ್ರಾ ಬಂದ ಮೇಲೆ ಕೆರೆಯ ಎಫ್‌ಟಿಎಲ್ ಗಡಿ (ಕೆರೆ ಪೂರ್ತಿ ತುಂಬಿದಾಗ ನೀರು ನಿಲ್ಲುವ ಗಡಿ) ನೋಡದೆ ಯಾರೂ ಮುಂಗಡ ಕೊಡಬಾರದು.

ಸಾಮಾನು ಸಾಗಿಸುವವರ ತಂತ್ರಗಳು ಹಳೆಯವೇ. ಎನ್‌ಎಚ್‌ 44ರಲ್ಲಿ ಅನಂತಪುರ, ಕರ್ನೂಲು ದಾಟಿ ಹೋಗುವ ಲಾರಿಗೆ ಎರಡು ರಾಜ್ಯದ ಗಡಿ ಸಿಗುತ್ತದೆ. "ಬಾರ್ಡರಿನಲ್ಲಿ ಎಂಟ್ರಿ ಟ್ಯಾಕ್ಸ್, ಇ-ವೇ ಬಿಲ್" ಎಂದು ಅರ್ಧ ದಾರಿಯಲ್ಲಿ ಫೋನ್ ಬಂದರೆ ಕೊಡಬೇಡಿ. ಬಳಸಿದ ಮನೆಸಾಮಾನಿಗೆ ಇ-ವೇ ಬಿಲ್ (ಜಿಎಸ್‌ಟಿಯ ಸರಕು ಸಾಗಣೆ ಚೀಟಿ) ಬೇಕಿಲ್ಲ, ಎಂಟ್ರಿ ಟ್ಯಾಕ್ಸ್ 2017ರ ಜಿಎಸ್‌ಟಿಯೊಂದಿಗೇ ಹೋಯಿತು. ಶೇ 3 ಇನ್ಶೂರೆನ್ಸ್ ಎಂದು ವಸೂಲಿ ಮಾಡಿದರೆ ವಿಮಾ ಕಂಪನಿಯ ಪಾಲಿಸಿ ನಿಮ್ಮ ಹೆಸರಿನಲ್ಲಿ ಲಾರಿ ಹೊರಡುವ ಮುಂಚೆ ಬರಬೇಕು, ಬರಲಿಲ್ಲ ಅಂದರೆ ಅದು ವಿಮೆಯಲ್ಲ. ಲಾರಿಯವರು ಕೊಡುವ ಸಾಗಣೆ ರಸೀದಿಯಲ್ಲಿ, ಅಂದರೆ ಎಲ್‌ಆರ್‌ನಲ್ಲಿ, ಸಾಮಾನಿನ ಬೆಲೆ ಬರೆಸಿ. ಬರೆಸದಿದ್ದರೆ ಕಾನೂನಿನಲ್ಲಿ ಅವರ ಹೊಣೆ ಸಾಗಣೆ ಬಾಡಿಗೆಯ ಹತ್ತುಪಟ್ಟಿಗೆ ನಿಲ್ಲುತ್ತದೆ. ನಷ್ಟವಾದರೆ ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಹೋಗಬೇಕು. ಲಸಿಕೆಯ ತಾಯಿ ಕಾರ್ಡ್, ಟಿಸಿ, ಮಗುವಿನ ಔಷಧಿ, ಕುಕ್ಕರ್ ಇವು ಲಾರಿಗಲ್ಲ, ನಿಮ್ಮ ಜೊತೆಗೆ.

ಕಾರಿಗೆ ಅವಸರವಿಲ್ಲ. ಕೆಎ ನಂಬರಿನಲ್ಲಿ 12 ತಿಂಗಳು ಓಡಿಸಬಹುದು, ಆಮೇಲೆ ತೆಲಂಗಾಣದ ಟಿಜಿ ನಂಬರ್ ಬೇಕು. ಫಾರಂ 28ರಲ್ಲಿ ಎನ್‌ಒಸಿ ಕೇಳುವ ಮುಂಚೆ ಬೆಂಗಳೂರಿನ ಟ್ರಾಫಿಕ್ ದಂಡ ಎಲ್ಲಾ ಕಟ್ಟಿ, ಒಂದು ಬಾಕಿ ಇದ್ದರೂ ಅರ್ಜಿ ಮುಂದೆ ಹೋಗುವುದಿಲ್ಲ. ಸಾಲ ಇದ್ದರೆ ಬ್ಯಾಂಕಿನ ಪತ್ರವೂ ಬೇಕು. ನಿಮ್ಮ ಕಂಪನಿಗೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇದ್ದರೆ ಎಲ್ಲ ರಾಜ್ಯಕ್ಕೂ ನಡೆಯುವ ಬಿಎಚ್ (ಭಾರತ್) ಸರಣಿಯ ನಂಬರಿಗೆ ಬದಲಿಸುವ ದಾರಿಯೂ ಉಂಟು, ತೆರಿಗೆ ಎರಡೆರಡು ವರ್ಷಕ್ಕೆ. ಇಲ್ಲವಾದರೆ ತೆಲಂಗಾಣಕ್ಕೆ ಕಾರಿನ ವಯಸ್ಸಿಗೆ ತಕ್ಕಂತೆ ಲೈಫ್ ಟ್ಯಾಕ್ಸ್ ಕಟ್ಟಿ, ಹೊಸ ಆರ್‌ಸಿ ಪ್ರತಿಯೊಂದಿಗೆ ನಿಮ್ಮ ಹಳೆಯ ಆರ್‌ಟಿಒಗೆ ಉಳಿದ ತೆರಿಗೆ ವಾಪಸಿಗೆ ಅರ್ಜಿ ಹಾಕಿ. ವಿಮೆಯಲ್ಲಿ, ಫಾಸ್ಟ್ಯಾಗಿನಲ್ಲಿ ನಂಬರ್ ಬದಲಿಸುವುದು ಅದೇ ವಾರ ಆಗಲಿ, ಹಳೆಯ ನಂಬರಿನ ವಿಮೆಯಲ್ಲಿ ಕ್ಲೇಮ್ ಹಾಕಿದರೆ ತಕರಾರು ತೆಗೆಯುತ್ತಾರೆ.